ತಪ್ಪು ಅಂದ್ರೆ ಬಸ್ ತಪ್ಪೋದಾ?

ಕಳೆದ ವಾರ ಊರಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಅಕ್ಕನ ಡಿವೋರ್ಸ್ ಮಾತೆತ್ತಿ, "ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ಲೋ" ಅಂದರು. ಮೆಲ್ಬರ್ನ್‌ನ ಈ ಅಡುಗೆಮನೆಯಲ್ಲಿ ನಿಂತು ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಣ್ಣು ತುಂಬಿ ಬಂತು.

ಪಕ್ಕದ ಮನೆಯ ಗ್ರೀಕ್ ಅಜ್ಜಿ ಸಂಜೆ ನಿಂಬೆಹಣ್ಣು ಕೊಡೋಕೆ ಬಂದಾಗ ಎಲ್ಲ ಹೇಳಿಕೊಂಡೆ. ಶನಿವಾರದ ಗ್ರೀಕ್ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಪಾಪಕ್ಕೆ ಅವರ ಮಾತು 'ಅಮರ್ತಿಯಾ', ಹಳೆಯ ಉಚ್ಚಾರದಲ್ಲಿ 'ಹಮರ್ತಿಯಾ'. ಪ್ರಾಚೀನ ಗ್ರೀಕ್ ಕವಿ ಹೋಮರನಲ್ಲಿ ಈಟಿ ಗುರಿ ತಪ್ಪಿದರೂ ಇದೇ ಮೂಲದ ಕ್ರಿಯಾಪದವಂತೆ. ಟ್ರಾಯ್ ಯುದ್ಧದ ಅವನ ಕಾವ್ಯ ಇಲಿಯಡ್‌ನ 5ನೇ ಪರ್ವದಲ್ಲಿ ಟ್ರಾಯ್ ಕಡೆಯ ಪಾಂಡರಸ್ ಎಸೆದ ಈಟಿ ಗ್ರೀಕ್ ವೀರ ಡಯೋಮಿಡೀಸನ ಗುರಾಣಿ ತೂರುತ್ತದೆ. ಸತ್ತೆ ನೀನು ಅಂತ ಅವನು ಕೂಗಿದರೆ ಇವನು ಅಲುಗದೆ ಹೇಳುತ್ತಾನೆ: ತಪ್ಪಿತು, ತಗುಲಲಿಲ್ಲ. ಅರಿಸ್ಟಾಟಲ್ ಕಾವ್ಯಮೀಮಾಂಸೆಯ 13ನೇ ಅಧ್ಯಾಯದಲ್ಲಿ ದುರಂತನಾಯಕ ಬೀಳುವುದು ದುಷ್ಟತನದಿಂದಲ್ಲ, ಹಮರ್ತಿಯಾದಿಂದ ಅನ್ನುತ್ತಾನೆ. ಗ್ರೀಕ್ ದುರಂತ ನಾಟಕದ ದೊರೆ ಈಡಿಪಸ್ ತಂದೆಯನ್ನು ಕೊಂದದ್ದು ತಂದೆಯೆಂದು ತಿಳಿಯದೆ. ಮುಂದೆ ಯಹೂದಿ ಧರ್ಮಗ್ರಂಥ ಗ್ರೀಕಿಗೆ ಬಂದಾಗ ಪಾಪ ಅನ್ನೋ ಹೀಬ್ರೂ ಮಾತಿಗೂ ಇದನ್ನೇ ಆರಿಸಿದರು. ಆ ಹೀಬ್ರೂ ಧಾತುವಿಗೂ ಗುರಿ ತಪ್ಪು ಅನ್ನೋ ಅರ್ಥವಿದೆ. ಕೂದಲೆಳೆಗೆ ಕವಣೆ ಬೀಸಿದರೂ ತಪ್ಪದ 700 ಜನ ಎಡಚರ ಪ್ರಸ್ತಾಪ ಅದೇ ಗ್ರಂಥದಲ್ಲಿದೆ, ಅಲ್ಲಿ 'ತಪ್ಪದ' ಅನ್ನೋದಕ್ಕೆ ಇದೇ ಧಾತು. ಕ್ರೈಸ್ತರ ಹೊಸ ಒಡಂಬಡಿಕೆಯ ಹೊತ್ತಿಗೆ ಈಟಿ ಮರೆಯಾಗಿ ದೇವರ ಮುಂದಿನ ಪಾಪವೇ ಉಳಿಯಿತು.

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, "ಅಮ್ಮ, ನೀನು ಬಸ್ ತಪ್ತು ಅಂತೀಯಲ್ಲ, ತಪ್ಪು ಮಾಡ್ದೆ ಅಂತ ಬೈತೀಯಲ್ಲ, ಎರಡೂ ಒಂದೇನಾ?" ಅಂದಳು.

ನಲವತ್ತು ವರ್ಷ ಈ ಮಾತಾಡಿದ್ದೀನಿ, ಒಂದು ದಿನವೂ ಹೊಳೆದಿರಲಿಲ್ಲ. ದಾರಿ ತಪ್ಪುತ್ತೆ, ತಾಳ ತಪ್ಪುತ್ತೆ, ಲೆಕ್ಕ ತಪ್ಪುತ್ತೆ. ಇಷ್ಟು ಹಗುರವಾದ, ತಿದ್ದಿಕೊಳ್ಳಬಹುದಾದ ಮಾತು ನಾಲಿಗೆ ಮೇಲೇ ಇರುವಾಗ ದೊಡ್ಡಮ್ಮ ಜನ್ಮಾಂತರದ ಪಾಪವನ್ನೇ ಯಾಕೆ ಹುಡುಕಿದರು? ನಮ್ಮೂರಲ್ಲಿ ಗಂಡನ ಮನೆ ಬಿಟ್ಟು ಬಂದವಳಿಗೆ 'ತಪ್ಪಿತು' ಅನ್ನೋವಷ್ಟು ಜಾಗವನ್ನೂ ನಾವು ಕೊಡೋದಿಲ್ಲ. ಅದು ನನಗೆ ನೋವು.

ಅಜ್ಜಿಗೆ ಮಗಳ ಪ್ರಶ್ನೆ ವಿವರಿಸಿ ಹೇಳಿದೆ. ಅವರು ನಿಂಬೆಹಣ್ಣು ಕೈಯಲ್ಲೇ ಹಿಡಿದುಕೊಂಡು, "ತಪ್ಪು, ತಪ್ಪು" ಅಂತ ಎರಡು ಸಲ ಹೇಳಿ ನೋಡಿದರು.

ರಾತ್ರಿ ಹಿತ್ತಲಿನ ಲಗೋರಿ ನೆನಪಾಯಿತು. ನನ್ನ ಚೆಂಡು ಕಲ್ಲಿಗೆ ತಾಗದೆ ಬೇಲಿ ಹಾರಿದರೆ ಅಕ್ಕ, "ತಪ್ತು! ಇನ್ನೂ ಎರಡು ಸಲ ಇದೆ, ಹೊಡಿ ಪುಟ್ಟಿ" ಅಂತ ಓಡಿಹೋಗಿ ಚೆಂಡು ತಂದುಕೊಡುತ್ತಿದ್ದಳು.