ಪಿನ್ ಒತ್ತುವ ಮುನ್ನ

ಕಾರವಾರದ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಮಹಿಳೆಯರಿಗೆ ಬ್ಯಾಂಕ್ ವ್ಯವಹಾರ ಕಲಿಸುವಾಗ ನಾನು ಪಾಲಿಸುವ ಮೊದಲ ನಿಯಮವೆಂದರೆ, ಅವರ ಮೊಬೈಲನ್ನು ನನ್ನ ಕೈಗೆ ತೆಗೆದುಕೊಳ್ಳದಿರುವುದು. ಎಷ್ಟೇ ತಡವಾದರೂ ಒತ್ತುವ ಬೆರಳು ಅವರದ್ದೇ ಆಗಿರಬೇಕು. ಮಗನೋ ಮಗಳೋ “ಕೊಡು ಅಮ್ಮಾ, ನಾನೇ ಮಾಡ್ತೆ” ಎಂದು ಕಸಿದುಕೊಂಡು ಮಾಡಿಕೊಡುವ ಉಪಕಾರವೇ ಅವರ ಕಲಿಕೆಗೆ ದೊಡ್ಡ ಅಡ್ಡಿ.

ಯುಪಿಐ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇಷ್ಟು: ಹಣ ಕಳುಹಿಸಲು ಪಿನ್ ಬೇಕು, ಹಣ ಪಡೆಯಲು ಬೇಡವೇ ಬೇಡ. ಆದ್ದರಿಂದ “ಬಂಗಡೆಯ ದುಡ್ಡು ಹಾಕಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ” ಎಂದು ಯಾರಾದರೂ ಕರೆ ಮಾಡಿದರೆ, ಅದು ಮೋಸವೆಂದೇ ತಿಳಿದು ಫೋನ್ ಇಟ್ಟುಬಿಡಬೇಕು. ಗಿರಾಕಿ ತನ್ನ ಮೊಬೈಲಿನಲ್ಲಿ ತೋರಿಸುವ ಹಸಿರು ಗುರುತನ್ನು ನಂಬದೆ, ತಮ್ಮ ಖಾತೆಗೆ ಹಣ ಜಮೆಯಾದ ಸಂದೇಶವನ್ನೋ ಸೌಂಡ್‌ಬಾಕ್ಸಿನ ದನಿಯನ್ನೋ ಕಾಯುವುದನ್ನೂ ರೂಢಿಸುತ್ತೇನೆ. ಮಾರುಕಟ್ಟೆಯ ಗದ್ದಲದಲ್ಲಿ, ಕೈಯೆಲ್ಲ ಒದ್ದೆಯಾಗಿರುವಾಗ, ಇದು ಹೇಳಿದಷ್ಟು ಸುಲಭವಲ್ಲ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ 2022ರಲ್ಲಿ ರಿಸರ್ವ್ ಬ್ಯಾಂಕ್ ಚಾಲನೆ ನೀಡಿದ, ಸಾದಾ ಫೋನಿನಿಂದಲೇ ಹಣ ಕಳುಹಿಸಬಹುದಾದ ಯುಪಿಐ 123ಪೇ ಇದೆ. ಮೋಸವಾದರೆ ತಕ್ಷಣ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಪಾಸ್‌ಬುಕ್ಕಿನ ರಟ್ಟಿನ ಮೇಲೆ ಅವರಿಂದಲೇ ಬರೆಸುತ್ತೇನೆ. ಅದರ ಪಕ್ಕದಲ್ಲೇ ಪಿನ್ ಬರೆದಿಡಬಾರದೆಂದು ಮಾತ್ರ ಎರಡೆರಡು ಸಲ ಹೇಳಬೇಕಾಗುತ್ತದೆ.