ಹಿತ್ತಲಿನ ಈಜುಕೊಳ ಮತ್ತು ಅಂದಾಜು ಪಟ್ಟಿಗೆ ಸಿಗದ ಲೆಕ್ಕಗಳು

ಮನೆಗಳ ಹಿತ್ತಲಿನಲ್ಲಿ ಈಜುಕೊಳ ಕಟ್ಟಲು ಜಾಗ ನೋಡಿ, ನಕ್ಷೆ ಹಾಕಿ, ಖರ್ಚಿನ ಅಂದಾಜು ಬರೆದುಕೊಡುವುದು ನನ್ನ ಕೆಲಸ. ಮೊದಲ ಭೇಟಿಯಲ್ಲಿ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಒಟ್ಟು ಎಷ್ಟಾಗುತ್ತದೆ?" ನಾನು ಅದಕ್ಕೆ ಉತ್ತರಿಸುವ ಮೊದಲು ಚಾವಣಿಯ ಜಲನಿರೋಧಕ ಪದರಕ್ಕೆ ಎಷ್ಟು ವರ್ಷವಾಯಿತು, ವೈರಿಂಗ್ ಯಾವ ಕಾಲದ್ದು, ನೀರು ಕಾಯಿಸುವ ಹೀಟರ್ ಎಷ್ಟು ಹಳೆಯದು ಎಂದು ವಿಚಾರಿಸುತ್ತೇನೆ. ಕೊಳದ ಮಾತಿಗೆ ಕರೆದವನು ಚಾವಣಿಯನ್ನೇಕೆ ನೋಡುತ್ತಿದ್ದಾನೆ ಎಂದು ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಕೊಳ ಕಟ್ಟಿಸಿದ ಮೊದಲ ಐದಾರು ವರ್ಷಗಳಲ್ಲಿ ಸಾಮಾನ್ಯವಾಗಿ ಕೊಳ ಚೆನ್ನಾಗಿಯೇ ಇರುತ್ತದೆ. ಸೊರಗುವುದು ಮನೆಯ ಉಳಿದ ಭಾಗ. ಸೋರುವ ಗೋಡೆಗೆಂದು ಇಟ್ಟಿದ್ದ ಹಣ ಕೊಳದ ಪಂಪಿಗೆ ಹೋಗಿರುತ್ತದೆ.

ಲೆಕ್ಕಕ್ಕೆ ಒಂದು ಸಾಧಾರಣ ಕೊಳವನ್ನೇ ತೆಗೆದುಕೊಳ್ಳೋಣ: ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಇದರಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ, ಅಂದರೆ 45 ಟನ್ ಭಾರ. ಗೋಡೆ, ತಳ, ಜಲ್ಲಿಯ ಹಾಸು, ಕೆಲಸಗಾರರು ನಿಲ್ಲುವ ಜಾಗ ಎಲ್ಲ ಸೇರಿ ಅಗೆಯಬೇಕಾದ ಗುಂಡಿ 80 ಘನ ಮೀಟರ್ ಆಸುಪಾಸಿಗೆ ಬರುತ್ತದೆ. ಅಗೆದ ಮಣ್ಣು ಸಡಿಲಗೊಂಡು ಕಾಲು ಭಾಗದಷ್ಟು ಉಬ್ಬುವುದರಿಂದ ಹೊರಗೆ ಸಾಗಿಸಬೇಕಾದದ್ದು 100 ಘನ ಮೀಟರ್. ಅದು ಎಲ್ಲಿಗೆ ಹೋಗುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳಿದಾಗ ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಮನೆಯ ಪಕ್ಕದ ಓಣಿಯಲ್ಲಿ ಅಗೆಯುವ ಯಂತ್ರ ತೂರದಿದ್ದರೆ ಕಾಂಪೌಂಡ್ ಗೋಡೆ ಒಡೆಯಬೇಕು, ಇಲ್ಲವೇ ಕೈಯಲ್ಲೇ ಅಗೆಯಬೇಕು. ಎರಡೂ ಕೊಳದ ಖರ್ಚೇ. ಯಾವ ಚಿತ್ರಪುಸ್ತಿಕೆಯಲ್ಲೂ ಅವು ಇರುವುದಿಲ್ಲ.

ನೆಲದೊಳಗೆ ಏನಿದೆ ಎಂಬುದು ನನ್ನ ಕೆಲಸದ ಅತಿ ದೊಡ್ಡ ಪಾಠ. ಬಂಡೆ ಸಿಕ್ಕರೆ ಅಗೆತದ ದರವೇ ಬದಲಾಗುತ್ತದೆ. ಜೇಡಿಮಣ್ಣಾದರೆ ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಕೊಳದ ಗೋಡೆಯನ್ನು ಹಿಂಡುತ್ತದೆ. ಎಲ್ಲಕ್ಕಿಂತ ಮೋಸದ್ದು ಮೇಲ್ಮಟ್ಟದಲ್ಲಿರುವ ಅಂತರ್ಜಲ. ತುಂಬಿದ ಕೊಳ ನೆಲವನ್ನು ಒತ್ತಿ ಕುಳಿತಿರುತ್ತದೆ, ಖಾಲಿ ಕೊಳ ದೋಣಿಯಾಗುತ್ತದೆ. ಮೇಲೆ ಹೇಳಿದ ಕೊಳದ ಕಾಂಕ್ರೀಟ್ ಗೋಡೆ ಮತ್ತು ತಳ 20 ಸೆಂಟಿಮೀಟರ್ ದಪ್ಪವಿದ್ದರೆ ಅದರ ತೂಕ ಸುಮಾರು 36 ಟನ್. ಸುತ್ತಲಿನ ಅಂತರ್ಜಲ ತಳಕ್ಕಿಂತ 1.2 ಮೀಟರ್ ಮೇಲೇರಿದರೆ ಕೆಳಗಿನಿಂದ ಎತ್ತುವ ಒತ್ತಡ 44 ಟನ್. ಸುತ್ತಲಿನ ಮಣ್ಣಿನ ಹಿಡಿತ ಸ್ವಲ್ಪ ತಡೆಯಬಹುದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಸ್ವಚ್ಛಗೊಳಿಸಲೆಂದು ಮಳೆಗಾಲದಲ್ಲಿ ಖಾಲಿ ಮಾಡಿದ ಕೊಳ ಒಂದು ಪಕ್ಕ ಮೇಲೆದ್ದು, ಅಂಚಿನ ಕಲ್ಲುಗಳನ್ನು ಕಿತ್ತುಕೊಂಡು ನಿಂತದ್ದನ್ನು ನಾನು ಕಂಡಿದ್ದೇನೆ. ಅದನ್ನು ಮತ್ತೆ ಕೂರಿಸಲಾಗದು, ಒಡೆದು ಹಾಕುವುದೊಂದೇ ದಾರಿ. ಇದಕ್ಕಾಗಿಯೇ ತಳದಲ್ಲಿ ಒತ್ತಡ ಬಿಡುಗಡೆಯ ಕವಾಟ ಇಡುತ್ತೇವೆ. ಹೊರಗಿನ ಒತ್ತಡ ಹೆಚ್ಚಾದರೆ ಅದು ತೆರೆದು ಅಂತರ್ಜಲವನ್ನು ಒಳಗೆ ಬಿಡುತ್ತದೆ. ಕವಾಟದ ಬೆಲೆ ಇಡೀ ಕೆಲಸದಲ್ಲಿ ಕಾಣದಷ್ಟು ಚಿಕ್ಕದು. ಮಣ್ಣಿನ ಪರೀಕ್ಷೆಯ ಖರ್ಚೂ ಹಾಗೆಯೇ. ಖರ್ಚು ಕಡಿಮೆ ಮಾಡಿ ಎಂದಾಗ ಜನರ ಬೆರಳು ಮೊದಲು ಹೋಗುವುದು ಈ ಎರಡು ಸಾಲುಗಳ ಮೇಲೆ.

ಯಾವ ಬಗೆಯ ಕೊಳ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಕಾಂಕ್ರೀಟ್ ಬೇಕಾದ ಆಕಾರಕ್ಕೆ ಒಗ್ಗುತ್ತದೆ, ಆದರೆ ಒಳಮೈಯ ಗಾರೆಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸುವ ವಿನೈಲ್ ಲೈನರ್ ಕೊಳ ಕಟ್ಟುವಾಗ ಅಗ್ಗ, ಹತ್ತು ವರ್ಷದ ಹೊತ್ತಿಗೆ ಲೈನರ್ ಬದಲಿಸಬೇಕು. ಸಿದ್ಧವಾಗಿಯೇ ಬರುವ ಫೈಬರ್ ಗ್ಲಾಸ್ ತೊಟ್ಟಿಯ ಮೈ ನುಣುಪು, ಪಾಚಿ ಹಿಡಿಯುವುದು ಕಡಿಮೆ, ಆದರೆ ನಿಮ್ಮ ರಸ್ತೆಯಲ್ಲಿ ಬರುವಷ್ಟೇ ಅದರ ಅಗಲ. ಮೂರೂ ನಡೆಯುತ್ತವೆ.

ಪಂಪು ಮತ್ತು ಕೊಳವೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕೊಳದ ಇಡೀ ನೀರು ದಿನಕ್ಕೊಮ್ಮೆಯಾದರೂ ಫಿಲ್ಟರ್ ಹಾದು ಬರಬೇಕು. ಗಂಟೆಗೆ 0.8 ಯೂನಿಟ್ ವಿದ್ಯುತ್ ಬಳಸುವ ಪಂಪು ದಿನಕ್ಕೆ ಎಂಟು ಗಂಟೆ ಓಡಿದರೆ 6.4 ಯೂನಿಟ್, ವರ್ಷಕ್ಕೆ 2,300ಕ್ಕೂ ಹೆಚ್ಚು. ಅದೇ ಪಂಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ಹರಿವು ಅರ್ಧಕ್ಕಿಳಿಯುತ್ತದೆ, ಬೇಕಾದ ಶಕ್ತಿಯೋ ಎಂಟನೇ ಒಂದು ಭಾಗಕ್ಕೆ. ಅಷ್ಟೇ ನೀರು ಸೋಸಲು ಹದಿನಾರು ಗಂಟೆ ಬೇಕಾದರೂ ಒಟ್ಟು ಬಳಕೆ 1.6 ಯೂನಿಟ್. ವಾಸ್ತವದಲ್ಲಿ ಮೋಟಾರಿನ ದಕ್ಷತೆ ಸ್ವಲ್ಪ ಕುಸಿಯುವುದರಿಂದ ಉಳಿತಾಯ ಇಷ್ಟು ಚೊಕ್ಕವಾಗಿರುವುದಿಲ್ಲ, ಆದರೂ ವೇಗ ಬದಲಿಸಬಲ್ಲ ಪಂಪಿನ ಹೆಚ್ಚುವರಿ ಬೆಲೆ ಹಿಂದಿರುಗುತ್ತದೆ. ಕೊಳವೆಯ ಕಥೆಯೂ ಇಂಥದ್ದೇ. ಒಳವ್ಯಾಸ 50 ಮಿಲಿಮೀಟರ್ ಬದಲು 63 ಮಿಲಿಮೀಟರ್ ಹಾಕಿದರೆ ಅದೇ ಹರಿವಿಗೆ ಘರ್ಷಣೆಯ ನಷ್ಟ ಮೂರನೇ ಒಂದು ಭಾಗದಷ್ಟಾಗುತ್ತದೆ. ಪಂಪನ್ನು ಹತ್ತು ವರ್ಷಕ್ಕೆ ಹೇಗೂ ಬದಲಿಸುತ್ತೀರಿ. ಕೊಳವೆ ಕಲ್ಲುಹಾಸಿನಡಿ ಸೇರಿದ ಮೇಲೆ ಮತ್ತೆ ಕೈಗೆ ಸಿಗುವುದಿಲ್ಲ.

ನೀರು ಆವಿಯಾಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲು, ಗಾಳಿ ಇರುವ ದಿನ ಐದು ಮಿಲಿಮೀಟರ್ ಇಳಿದರೆ ಈ ಕೊಳದಿಂದ 160 ಲೀಟರ್ ಹೋಯಿತು ಎಂದರ್ಥ. ನೀರಿಗಿಂತ ದುಬಾರಿಯಾದದ್ದು ಅದು ಒಯ್ಯುವ ಶಾಖ. ಅಷ್ಟು ನೀರು ಆವಿಯಾಗಲು ತೆಗೆದುಕೊಳ್ಳುವ ಶಾಖ ಇಡೀ ಕೊಳವನ್ನು ಸುಮಾರು ಎರಡು ಡಿಗ್ರಿ ತಣಿಸುವಷ್ಟು. ನೀರು ಬೆಚ್ಚಗಿರಬೇಕೆಂದು ಹೀಟರ್ ಕೇಳುವವರಿಗೆ ಮೊದಲು ಹೊದಿಕೆ ಕೊಳ್ಳಿ ಎನ್ನುತ್ತೇನೆ. ರಾತ್ರಿ ಹೊದಿಸಿದರೆ ನೀರು, ಶಾಖ, ಕ್ಲೋರಿನ್ ಮೂರೂ ಉಳಿಯುತ್ತವೆ, ಎಲೆ ಕಸವೂ ಕಡಿಮೆ. ಆದರೆ ಹೊದಿಸಿ ತೆಗೆಯುವುದು ಇಬ್ಬರ ಕೆಲಸವಾದರೆ ಎರಡನೇ ತಿಂಗಳಿಗೆ ಅದು ಮೂಲೆ ಸೇರುತ್ತದೆ. ಸುರುಳಿ ಸುತ್ತುವ ಚೌಕಟ್ಟಿಗೂ ಜಾಗ ನಕ್ಷೆಯಲ್ಲೇ ಇರಬೇಕು.

ನೀರು ಇಳಿಯುವುದು ಆವಿಯಿಂದಲೋ ಸೋರಿಕೆಯಿಂದಲೋ ಎಂದು ತಿಳಿಯಲು ಒಂದು ಬಕೆಟ್ ಸಾಕು. ಅದಕ್ಕೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲಿಡಿ. ಒಳಗಿನ ಮಟ್ಟವೂ ಹೊರಗಿನ ಮಟ್ಟವೂ ಸಮವಿರಲಿ, ಎರಡಕ್ಕೂ ಗುರುತು ಹಾಕಿ. ನೀರು ತಾನೇ ತುಂಬುವ ನಲ್ಲಿಯನ್ನು ಬಂದ್ ಮಾಡಿ, ಆ ದಿನ ಯಾರೂ ಇಳಿಯದಂತೆ ನೋಡಿಕೊಳ್ಳಿ. 24 ಗಂಟೆಯ ನಂತರ ಎರಡೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಅದು ಗಾಳಿ ಬಿಸಿಲಿನ ಕೆಲಸ. ಕೊಳ ಮೂರು ಮಿಲಿಮೀಟರ್ ಹೆಚ್ಚು ಇಳಿದಿದ್ದರೆ ದಿನಕ್ಕೆ ಸುಮಾರು 100 ಲೀಟರ್ ನೆಲದೊಳಗೆ ಹೋಗುತ್ತಿದೆ, ಜೊತೆಗೆ ಕಲ್ಲುಹಾಸಿನ ಅಡಿಯ ಮಣ್ಣನ್ನೂ ಕೊಚ್ಚುತ್ತಿದೆ.

ರಸಾಯನದ ಖರ್ಚು ದೊಡ್ಡದಲ್ಲ, ಬೇಡುವ ಗಮನ ದೊಡ್ಡದು. ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. 7.5ರಲ್ಲಿ ಕ್ಲೋರಿನ್‌ನ ಅರ್ಧ ಭಾಗ ಚುರುಕಾದ ರೂಪದಲ್ಲಿರುತ್ತದೆ. 8 ತಲುಪಿದರೆ ಕಾಲು ಭಾಗ ಮಾತ್ರ. ಪಿಎಚ್ ನೋಡದೆ ಕ್ಲೋರಿನ್ ಸುರಿಯುತ್ತಲೇ ಇರುವವರ ಹಣ ಹೀಗೆ ನೀರಲ್ಲಿ ಹೋಮವಾಗುತ್ತದೆ. ಮೂಗಿಗೆ ಬಡಿಯುವ 'ಕ್ಲೋರಿನ್ ವಾಸನೆ' ಹೆಚ್ಚಾಗಿ ಕ್ಲೋರಮಿನ್‌ಗಳದ್ದು, ಬೆವರು ಮತ್ತು ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟಿದ್ದು. ಇಳಿಯುವ ಮೊದಲು ಸ್ನಾನ ಮಾಡಿದರೆ ಅದು ಅರ್ಧ ಪರಿಹಾರವಾದಂತೆಯೇ. ಉಪ್ಪಿನ ವ್ಯವಸ್ಥೆ ಹಾಕಿಸಿದರೆ ಕ್ಲೋರಿನ್ ಬೇಡ ಎಂಬ ನಂಬಿಕೆ ಎಲ್ಲಿಂದ ಹಬ್ಬಿತೋ! ಅದು ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಯಂತ್ರ; ಮೊದಲ ಸಲ ಈ ಕೊಳಕ್ಕೆ 150 ಕಿಲೋ ಆಸುಪಾಸಿನ ಉಪ್ಪು ಬೇಕು, ಅದರ ವಿದ್ಯುತ್ ಕೋಶವನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಎಂದೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಂಡೀತು.

ಇಷ್ಟರಿಂದ ಹೊರಡುವ ಮುಖ್ಯ ಪ್ರಶ್ನೆ, ವಾರ ವಾರ ಇದನ್ನು ಮಾಡುವವರು ಯಾರು? ಅಂದಾಜು ಪಟ್ಟಿಯಲ್ಲಿ ಆ ಹೆಸರಿಗೆ ನಾನು ಒಂದು ಸಾಲು ಖಾಲಿ ಬಿಡುತ್ತೇನೆ. ಮನೆಯವರೇ ಆದರೆ ಬಲೆ ಹಿಡಿದು ಕಸ ತೆಗೆಯುವುದು, ಗೋಡೆ ಉಜ್ಜುವುದು, ಬುಟ್ಟಿ ಖಾಲಿ ಮಾಡುವುದು, ನೀರು ಪರೀಕ್ಷಿಸುವುದು, ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದು ಎಲ್ಲಕ್ಕೂ ಸಮಯ ಇರಬೇಕು. ಬೇರೆಯವರಿಗೆ ವಹಿಸಿದರೆ ಆ ಸಂಬಳ ಕೊಳ ಇರುವಷ್ಟು ಕಾಲವೂ ನಡೆಯುತ್ತದೆ. "ಮಕ್ಕಳು ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಬಂದರೆ ನಾನು ನಕ್ಕು, ಆ ಸಾಲನ್ನು ಖಾಲಿಯೇ ಬಿಡುತ್ತೇನೆ.

ಮಕ್ಕಳ ಮಾತು ಬಂದ ಮೇಲೆ ಬೇಲಿಯ ಮಾತು. ನಾಲ್ಕೂ ಕಡೆ, ಕನಿಷ್ಠ 1.2 ಮೀಟರ್ ಎತ್ತರ, ತಾನೇ ಮುಚ್ಚಿ ತಾನೇ ಚಿಲಕ ಬೀಳುವ, ಕೊಳದಿಂದ ಹೊರಮುಖವಾಗಿ ತೆರೆಯುವ ಬಾಗಿಲು. ಮನೆಯ ಹಿಂಬಾಗಿಲು ನೇರ ಕೊಳದತ್ತ ತೆರೆಯುವಂತಿದ್ದರೆ ಮೂರು ಕಡೆಯ ಬೇಲಿಗೆ ಅರ್ಥವಿಲ್ಲ, ಪುಟ್ಟ ಮಗು ಹೊರಬರುವುದು ಮನೆಯಿಂದಲೇ. ತಳದಲ್ಲಿ ನೀರು ಹೀರುವ ಬಾಯಿ ಒಂದೇ ಇದ್ದರೆ ಕೂದಲು, ಕೈಕಾಲು ಸಿಕ್ಕಿಬೀಳುವ ಅಪಾಯವಿರುವುದರಿಂದ ಎರಡು ಬಾಯಿಗಳನ್ನು ಸುಮಾರು ಒಂದು ಮೀಟರ್ ಅಂತರದಲ್ಲಿಟ್ಟು ಸುರಕ್ಷಾ ಮುಚ್ಚಳ ಹಾಕುತ್ತೇವೆ. ಕೊಳದ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತವಾಗುವ ಸಾಧನ, ಸುತ್ತಲಿನ ಲೋಹದ ಭಾಗಗಳಿಗೆಲ್ಲ ಒಂದೇ ಭೂಸಂಪರ್ಕ ಜೋಡಣೆ. ಈ ಸಾಲುಗಳನ್ನು ಅಳಿಸಿ ಎನ್ನುವವರಿಗೆ ನಾನು ಕೆಲಸ ಮಾಡಿಕೊಡುವುದಿಲ್ಲ, ಚೌಕಾಸಿಗೂ ಕೂರುವುದಿಲ್ಲ.

ಇನ್ನು ಮನೆಯ ಲೆಕ್ಕ. ವರ್ಷಕ್ಕೆ ಮನೆಯ ಬೆಲೆಯ ಶೇಕಡಾ 1ರಷ್ಟು ದುರಸ್ತಿಗೆಂದು ಎತ್ತಿಡಿ ಎಂಬ ಸೂತ್ರ ಬಳಕೆಯಲ್ಲಿದೆ. ನನಗೆ ಅದು ಹಿಡಿಸದು. ಮನೆಯ ಬೆಲೆಯಲ್ಲಿ ನೆಲದ ಬೆಲೆಯೂ ಸೇರಿರುತ್ತದೆ, ನೆಲ ಸೋರುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಬದಲಿಗೆ ಒಂದು ಹಾಳೆಯಲ್ಲಿ ಸವೆಯುವ ವಸ್ತುಗಳನ್ನೆಲ್ಲ ಬರೆಸುತ್ತೇನೆ: ಚಾವಣಿ, ಬಣ್ಣ, ಹೀಟರ್, ನೀರಿನ ಪಂಪು, ಕೊಳಾಯಿ, ಅವುಗಳ ಕೆಳಗೆ ಕೊಳದ ಪಂಪು, ಫಿಲ್ಟರಿನ ಮರಳು, ಗಾರೆ ಅಥವಾ ಲೈನರ್. ಪ್ರತಿಯೊಂದರ ಎದುರು ಇಂದಿನ ಬದಲಿ ವೆಚ್ಚ, ಉಳಿದ ಆಯಸ್ಸು. ವೆಚ್ಚವನ್ನು ಆಯಸ್ಸಿನಿಂದ ಭಾಗಿಸಿ ಎಲ್ಲವನ್ನೂ ಕೂಡಿದರೆ ವರ್ಷಕ್ಕೆ ಎಷ್ಟು ಎತ್ತಿಡಬೇಕೆಂದು ತಿಳಿಯುತ್ತದೆ. ಅದಕ್ಕೆ ವಿದ್ಯುತ್, ನೀರು, ರಸಾಯನ, ವಿಮೆ, ತೆರಿಗೆಯ ಏರಿಕೆ ಸೇರಿಸಿ. ಕೊಳ ಕಟ್ಟುವ ಮೊದಲೇ ಆರು ತಿಂಗಳು ಈ ಮೊತ್ತವನ್ನು ಬೇರೆ ಖಾತೆಗೆ ಹಾಕಿ ನೋಡಿ ಎಂದು ಹೇಳುತ್ತೇನೆ. ಉಸಿರು ಕಟ್ಟಿದಂತಾದರೆ ಆಗ ಗೊತ್ತಾಗುವುದು ಒಳ್ಳೆಯದು, ಉಳಿಸಿದ ಹಣವಂತೂ ಎಲ್ಲೂ ಹೋಗಿರುವುದಿಲ್ಲ.

ಈ ಹಾಳೆ ಬರೆದ ಮೇಲೆ ಕೊಳವನ್ನು ಪೂರ್ತಿ ಕೈಬಿಡುವವರು ಕಡಿಮೆ, ಚಿಕ್ಕದು ಮಾಡುವವರು ಹೆಚ್ಚು. ಆರು ಮೀಟರ್ ಉದ್ದ, ಮೂರು ಮೀಟರ್ ಅಗಲ, 1.3 ಮೀಟರ್ ಆಳಕ್ಕೆ ಇಳಿದರೆ ನೀರು 23,400 ಲೀಟರ್, ಮೊದಲಿನ ಅರ್ಧ. ಮನೆಯ ಕೊಳದಲ್ಲಿ ಜನ ನಿಜವಾಗಿ ಮಾಡುವುದು ಎದೆಮಟ್ಟದ ನೀರಿನಲ್ಲಿ ನಿಂತು ಹರಟುವುದು. ಆಳದ ತುದಿ ಖಾಲಿ ಬಿದ್ದಿರುತ್ತದೆ. ತಲೆಕೆಳಗಾಗಿ ಧುಮುಕಲು ಈ ಎರಡೂ ಆಳ ಸಾಲದು, ಹಾಗಾಗಿ ಆ ಆಸೆಯನ್ನು ಮೊದಲೇ ಬಿಡಬೇಕು. ಈಗಲೇ ಹಣವಿಲ್ಲ, ಆದರೆ ಅಂಗಳಕ್ಕೆ ಕಲ್ಲುಹಾಸು ಹಾಕಿಸುತ್ತಿದ್ದೀರಿ ಎಂದಾದರೆ ಅದರಡಿಯಲ್ಲಿ ಕೇಬಲ್ ಮತ್ತು ನೀರಿನ ಕೊಳವೆಗೆಂದು ಎರಡು ಖಾಲಿ ಪೈಪು ಹಾಯಿಸಿ, ಎಲ್ಲಿವೆ ಎಂದು ನಕ್ಷೆಯಲ್ಲಿ ಗುರುತಿಸಿಡಿ.

ಗುತ್ತಿಗೆದಾರರ ದರಪಟ್ಟಿಗಳನ್ನು ಹೋಲಿಸುವಾಗ ಕೆಳಗಿನ ಮೊತ್ತಕ್ಕಿಂತ ಏನೇನು ಸೇರಿಲ್ಲ ಎಂಬುದನ್ನು ಓದಿ. ಮಣ್ಣು ಸಾಗಣೆ, ಬಂಡೆ ಸಿಕ್ಕರೆ ಅದರ ದರ, ವಿದ್ಯುತ್ ಸಂಪರ್ಕ, ಬೇಲಿ, ಮೊದಲ ಭರ್ತಿಯ ನೀರು, ಹಾಳಾದ ಅಂಗಳದ ದುರಸ್ತಿ: ಅಗ್ಗದ ಪಟ್ಟಿಯಲ್ಲಿ ಇವುಗಳಲ್ಲಿ ಮೂರಾದರೂ ಕಾಣೆಯಾಗಿರುತ್ತವೆ. ಕೊನೆಯ ಕಂತನ್ನು ಕೊಳ ತುಂಬಿಸಿ ಸೋರಿಕೆ ಪರೀಕ್ಷೆ ಮುಗಿಯುವವರೆಗೆ ಕೊಡಬೇಡಿ; ಹೂತುಹೋದ ಕೊಳವೆಗಳ ನಕ್ಷೆ ಮತ್ತು ಫೋಟೊಗಳು ಕೈಸೇರಿದ ದಿನವೇ ಅದನ್ನು ಪಾವತಿಸುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳಿ.