ದಂಡಿಯಿಂದ ಹೊಸರಿತ್ತಿಗೆ ಹದಿಮೂರು ವರ್ಷ

ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರ ಅವರ ಹೆಸರಿದೆ. 1930ರ ಮಾರ್ಚ್ 12ರಂದು ಗಾಂಧೀಜಿಯ ಹಿಂದೆ ಉಪ್ಪಿನ ಸತ್ಯಾಗ್ರಹಕ್ಕೆ ಸಾಬರಮತಿಯಿಂದ ದಂಡಿಗೆ ಹೊರಟ 78 ಮಂದಿಯಲ್ಲಿ ಇದ್ದ ಒಬ್ಬನೇ ಕನ್ನಡಿಗ ಅವರು. ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದಾಗ ಮೂವತ್ತೆರಡು ತುಂಬಲು ಎರಡು ತಿಂಗಳು ಬಾಕಿ ಇತ್ತು. ಇವೆರಡು ತಾರೀಖುಗಳು ನನಗೆ ಬಹಳ ವರ್ಷಗಳಿಂದ ಗೊತ್ತು, ಮಕ್ಕಳಿಗೆ ಪಾಠವನ್ನೂ ಮಾಡಿದ್ದೇನೆ. ಆದರೆ ನಡುವಿನ ಹದಿಮೂರು ವರ್ಷಗಳ ಬಗ್ಗೆ ಒಬ್ಬ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಆ ಊರುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಫೆಬ್ರವರಿಯ ಮೊದಲ ವಾರ ಹೊರಟೆ.

ಮೊದಲು ಮೋಟೆಬೆನ್ನೂರು, ಅವರು ಹುಟ್ಟಿದ ಊರು. ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಬ್ಯಾಡಗಿ ಪಕ್ಕದಲ್ಲೇ ಇರುವುದರಿಂದ ನಾನು ಹೋದ ದಿನಗಳಲ್ಲಿ ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳದ್ದೇ ಸಾಲು. ಗಾಳಿ ಬೀಸಿದಾಗಲೆಲ್ಲ ಗಂಟಲು ಕೆರೆಯುತ್ತಿತ್ತು. ಈ ರಸ್ತೆಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋಗಿದ್ದೇನೆ, ಊರಿನೊಳಗೆ ಕಾಲಿಟ್ಟದ್ದು ಇದೇ ಮೊದಲು. ಕಟ್ಟೆಯ ಮೇಲೆ ಕೂತಿದ್ದವರನ್ನು ಮೈಲಾರ ಮಹದೇವಪ್ಪನವರ ಬಗ್ಗೆ ಕೇಳಿದರೆ ಎಲ್ಲರ ಕೈಯೂ ಒಂದೇ ದಿಕ್ಕಿಗೆ ಎದ್ದಿತು. ಊರು ಅವರನ್ನು ಮರೆತಿಲ್ಲ. ಇಲ್ಲಿಂದ ಸಾಬರಮತಿಗೆ ಇವತ್ತೂ ಒಂದು ರಾತ್ರಿ ಒಂದು ಹಗಲಿನ ಪ್ರಯಾಣ. 1930ಕ್ಕೂ ಮೊದಲು, ಹಿಂದಿಯಾಗಲಿ ಗುಜರಾತಿಯಾಗಲಿ ಮನೆಮಾತಲ್ಲದ ಒಬ್ಬ ಹಳ್ಳಿ ಹುಡುಗ ಅಷ್ಟು ದೂರ ಹೋಗಿ, ಗಾಂಧೀಜಿಯ ಆಶ್ರಮದಲ್ಲಿ ಸೇರಿ, ಅವರು ಆರಿಸಿದ ಎಪ್ಪತ್ತೆಂಟರಲ್ಲಿ ಒಬ್ಬನಾದದ್ದನ್ನು ಆ ಹೆದ್ದಾರಿಯ ಬದಿಯಲ್ಲಿ ನಿಂತು ನೆನೆದಾಗ ಮೈ ಜುಮ್ಮೆಂದಿತು.

ಹಾವೇರಿಯಲ್ಲಿ ಮಹದೇವಪ್ಪನವರ ಸ್ಮಾರಕವಾದ ವೀರಸೌಧಕ್ಕೂ ಹೋಗಿದ್ದೆ, ಸಿದ್ಧೇಶ್ವರ ದೇವಸ್ಥಾನಕ್ಕೂ ಹೋಗಿದ್ದೆ. ಬಳಪದ ಕಲ್ಲಿನ ಆ ಚಾಲುಕ್ಯರ ಗುಡಿ ಬಲು ಚಂದ. ಅದನ್ನು ನೋಡಲೆಂದೇ ಹೋಗುವವರು ಇನ್ನೂ ಹೆಚ್ಚಾಗಬೇಕು. ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ನಾಲ್ಕು ಊಟಕ್ಕೂ ಬೇಸರ ತರಿಸಲಿಲ್ಲ. ಕಾಗಿನೆಲೆ, ಬಾಡ ಕೊನೆಯಲ್ಲಿ ಆದವು, ಅವುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಹೇಳಬೇಕಾದದ್ದು ಹೊಸರಿತ್ತಿಯದು.

ಹೊಸರಿತ್ತಿಗೆ ಹೋಗಿ ಬರಲು ಹಾವೇರಿಯಲ್ಲೇ ಒಂದು ಬಾಡಿಗೆ ಕಾರು ಮಾತಾಡಿಕೊಂಡಿದ್ದೆ. ಚಾಲಕ ಎರಡೂ ಕಡೆಯ ಬಾಡಿಗೆ ಮೊದಲೇ ಇಸಕೊಂಡ. ಊರಿನಲ್ಲಿ ನನ್ನನ್ನು ಇಳಿಸಿ, ಟಯರಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆ ಎಂದು ಹೋದವನು ಮರಳಿ ಬರಲೇ ಇಲ್ಲ. ಫೋನ್ ಮೊದಲು ರಿಂಗಾಯಿತು, ಆಮೇಲೆ ಸ್ವಿಚ್ ಆಫ್. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ. ಅಲ್ಲಿಗೆ ಹೋಗುವವರು ಹೋಗುವಾಗಿನ ಬಾಡಿಗೆಯಷ್ಟೇ ಕೊಡಿ, ಉಳಿದದ್ದು ಮರಳಿ ಹಾವೇರಿ ಮುಟ್ಟಿದ ಮೇಲೆ. ಇಲ್ಲವೇ ಸರ್ಕಾರಿ ಬಸ್ಸಿಗೇ ಹೋಗಿ. ಮರಳುವ ಬಸ್ಸಿನ ಹೊತ್ತನ್ನು ಬಂದ ಬಸ್ಸಿನ ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ.

ಕಾರಿಗಾಗಿ ಕಾಯುತ್ತಾ ವೀರಭದ್ರ ದೇವರ ಗುಡಿಯ ಕಡೆ ನಡೆದೆ. ಮೂವರು ಸತ್ತದ್ದು ಆ ಗುಡಿಯ ದೆಸೆಯಿಂದಲೇ. ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ಗುಡಿಯಲ್ಲಿಟ್ಟು ಪೊಲೀಸರ ಕಾವಲು ಹಾಕಿದ್ದರು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಏಳು ತಿಂಗಳು ಕಳೆದಿತ್ತು. ದೊಡ್ಡ ನಾಯಕರೆಲ್ಲ ಜೈಲಿನಲ್ಲಿದ್ದರು. ಅಂದಿನ ಧಾರವಾಡ ಜಿಲ್ಲೆಯ ಈ ಭಾಗದಲ್ಲಿ ಭೂಗತರಾಗಿ ಚಳವಳಿಯನ್ನು ಜೀವಂತ ಇಟ್ಟವರಲ್ಲಿ ಮಹದೇವಪ್ಪನವರ ತಂಡ ಮುಂದಿತ್ತು. ಆ ಕಂದಾಯ ಪರಂಗಿ ಸರ್ಕಾರದ ಬೊಕ್ಕಸಕ್ಕೆ ಹೋಗಬಾರದು ಎಂದು ಅವರು ಬಂದರು. ಗುಂಡು ಹಾರಿತು. ಮಹದೇವಪ್ಪನವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಜೀವ ಕೊಟ್ಟರು.

ಅಲ್ಲಿ ಕೂತಿದ್ದ ಒಬ್ಬ ಅಜ್ಜ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ಕರೆದು ಕೂರಿಸಿಕೊಂಡರು.

"ಎಲ್ಲಿಂದ ಬಂದೆಪಾ ತಮ್ಮಾ?"

ಮೈಸೂರು ಎಂದೆ. ಅಷ್ಟು ದೂರದಿಂದ ಇದೊಂದಕ್ಕೇ ಬಂದೆಯಾ ಎಂದು ಎರಡು ಸಲ ಕೇಳಿದರು. ಆಮೇಲೆ ಅವರಪ್ಪನಿಂದ ಕೇಳಿದ್ದನ್ನು ಹೇಳಿದರು. "ಪೊಲೀಸ್ರನ್ನ ಕೊಲ್ಲಾಕ ಬಂದಿದ್ದಿಲ್ಲ ಅವ್ರು. ಬಂದೂಕು ಕಸಗೊಂಡು ರೊಕ್ಕ ಒಯ್ಯೂದು, ಅಷ್ಟ. ಹೊಡದವ್ರು ಬಿಳಿ ಮಂದಿ ಅಲ್ಲಪಾ, ನಮ್ಮ ಮಂದೀನ. ಪಗಾರಕ್ಕ ನಿಂತವ್ರು."

ಪಗಾರಕ್ಕೆ ನಿಂತವರು ಎಂಬ ಮಾತು ಮುಗಿಯುವಷ್ಟರಲ್ಲಿ ಐದಾರು ಹುಡುಗರು ಟ್ರ್ಯಾಕ್ ಪ್ಯಾಂಟು, ಧೂಳು ಹಿಡಿದ ಬೂಟು ಹಾಕಿಕೊಂಡು ಓಡುತ್ತಾ ಬಂದು ಕಟ್ಟೆಯ ಹತ್ತಿರ ನಿಂತರು. ಒಬ್ಬ ಮೊಬೈಲಿನಲ್ಲಿ ಹೊತ್ತು ನೋಡಿ, "ಏಳ್ರೊ, ಇನ್ನೊಂದು ರೌಂಡ್" ಅಂದ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕಂತೆ. ಹೊತ್ತು ನೋಡುತ್ತಿದ್ದವನು ಡಿಗ್ರಿ ಮುಗಿಸಿದವನು, ಉಳಿದವರಿಗೆ ಅವನೇ ಗುರು. ಅಜ್ಜನಿಗೆ ಮೊಮ್ಮಗ.

ನಾನು ಬಂದ ಕಾರಣ ತಿಳಿದ ಕೂಡಲೇ ಒಬ್ಬ ಹುಡುಗ, ಶಾಲೆಯಲ್ಲಿ ಎದ್ದು ನಿಂತು ಒಪ್ಪಿಸುವ ಧಾಟಿಯಲ್ಲಿ ಹೇಳಿದ: "ದಂಡಿ ಸತ್ಯಾಗ್ರಹದಲ್ಲಿ ಭಾಗವಹಿಸಿದ ಏಕೈಕ ಕನ್ನಡಿಗ ಯಾರು? ಮೈಲಾರ ಮಹದೇವ. ಗ್ಯಾರಂಟಿ ಪ್ರಶ್ನೆ ಸರ್ರ, ಬರ್ತಾನ ಇರ್ತೈತಿ."

ಅವನ ಕಣ್ಣಲ್ಲಿ ಹೆಮ್ಮೆ ಇತ್ತು. ತನ್ನೂರಿನಲ್ಲಿ ಮಡಿದವರ ಹೆಸರು ರಾಜ್ಯದ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ ಎಂಬ ಹೆಮ್ಮೆ. ಅದರಲ್ಲಿ ತಪ್ಪೇನೂ ಇಲ್ಲ. ನಾನು ಕೇಳಿದೆ: ದಂಡಿಯಿಂದ ಬಂದ ಮೇಲೆ ಅವರು ಏನು ಮಾಡಿದರು?

"ಹೊಸರಿತ್ತ್ಯಾಗ ತೀರಿಕೊಂಡ್ರು."

ಅದು 1943, ನಡುವೆ?

ಯಾರೂ ಮಾತಾಡಲಿಲ್ಲ. ಮೊಮ್ಮಗ ಬೂಟಿನ ಲೇಸು ಬಿಗಿದುಕೊಳ್ಳುತ್ತಾ, "ನಮಗ ಅವ್ರು ಒಂದು ಮಾರ್ಕಿನ ಪ್ರಶ್ನೆ ಆಗ್ಯಾರ ನೋಡ್ರಿ ಸರ್ರ" ಅಂದ.

ಆಮೇಲೆ ನನಗೆ ತಿಳಿದದ್ದನ್ನು ಹೇಳಿದೆ. ದಂಡಿಗೆ ಹೋದವರೆಂದರೆ ಉಪ್ಪು ಹಿಡಿದು ಘೋಷಣೆ ಕೂಗಿದವರು ಎಂದಷ್ಟೇ ನಾವು ತಿಳಿದಿರುತ್ತೇವೆ. ನಿಜಕ್ಕೂ ಆ ನಡಿಗೆ ಒಂದು ಕಠಿಣ ಶಿಸ್ತು. ಇಪ್ಪತ್ತನಾಲ್ಕು ದಿನ, ಸುಮಾರು 385 ಕಿಲೋಮೀಟರು. ಎಷ್ಟೇ ದಣಿದಿದ್ದರೂ ಪ್ರತಿಯೊಬ್ಬರೂ ದಿನಾ ಪ್ರಾರ್ಥನೆಗೆ ಬರಬೇಕು, ನೂಲು ತೆಗೆಯಬೇಕು, ದಿನಚರಿ ಬರೆಯಬೇಕು. ಈ ಮೂರರಿಂದ ಗಾಂಧೀಜಿ ಯಾರಿಗೂ ವಿನಾಯಿತಿ ಕೊಡುತ್ತಿರಲಿಲ್ಲ. ಬೊಬ್ಬೆ ಎದ್ದ ಕಾಲು ಚಾಚಿ ಕೂತು ತಕಲಿ ತಿರುಗಿಸಿದ ಹದಿನೆಂಟರ ಹುಡುಗನನ್ನು ನೆನಪಿಸಿಕೊಳ್ಳಿ ಎಂದೆ. ಅಷ್ಟೊತ್ತಿಗೆ ದೇಶದ ಕಣ್ಣೆಲ್ಲ ಆ ಗುಂಪಿನ ಮೇಲಿತ್ತು, ವಿದೇಶದ ಪತ್ರಿಕೆಗಳೂ ಬರೆಯುತ್ತಿದ್ದವು. ಜೈಲುವಾಸ ಮುಗಿಸಿದ ಮೇಲೆ ಅಹಮದಾಬಾದಿನಲ್ಲೋ ಮುಂಬಯಿಯಲ್ಲೋ ನಾಯಕರ ಜೊತೆ ಉಳಿಯಬಹುದಿತ್ತು. ಅವರು ತಮ್ಮ ಸೀಮೆಗೆ ಮರಳಿದರು. ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಖಾದಿ, ಚರಕ, ಹಳ್ಳಿಯ ಕೆಲಸ. ಹೆಂಡತಿ ಸಿದ್ದಮ್ಮನವರೂ ಚಳವಳಿಗಿಳಿದು ಜೈಲು ಕಂಡರು. ವರ್ಷಗಟ್ಟಲೆ ಪತ್ರಿಕೆಯಲ್ಲಿ ಹೆಸರು ಬಾರದ, ಯಾರೂ ಹಾರ ಹಾಕದ ದುಡಿಮೆ.

ನಮ್ಮ ಶಾಲೆಗಳ ನಾಟಕದಲ್ಲಿ ಇದು ಬರುವುದೇ ಇಲ್ಲ. ಪಟಾಕಿ ಹೊಡೆದು ಗುಂಡಿನ ಸದ್ದು ಮಾಡುತ್ತಾರೆ, ಕೆಂಪು ಬಣ್ಣ ಬಳಿದುಕೊಂಡ ಹುಡುಗ ಬೀಳುತ್ತಾನೆ, ಚಪ್ಪಾಳೆ. ನನಗೆ ಈ ದೃಶ್ಯಗಳು ಸ್ವಲ್ಪವೂ ಹಿಡಿಸುವುದಿಲ್ಲ. ಹದಿಹರೆಯದವರ ಮುಂದೆ ಸಾವನ್ನಷ್ಟೇ ಇಟ್ಟರೆ ಅವರು ಅದರಿಂದ ಏನು ತಾನೇ ಕಲಿಯಬೇಕು? ಇವತ್ತು ಗುಂಡಿಗೆ ಎದೆಯೊಡ್ಡು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಊರಿಗೆ ಮರಳಿ ಒಂದು ಕೆಲಸವನ್ನು ಹತ್ತು ವರ್ಷ ಬಿಡದೆ ಮಾಡುತ್ತೀಯಾ ಎಂದು ಬದುಕು ಕೇಳುತ್ತದೆ. ಅದಕ್ಕೆ ಉತ್ತರ ಕೊರಡೂರಿನಲ್ಲಿದೆ. ಜನ ಅವರ ಮಾತಿಗೆ ಮನೆಯ ಬಾಗಿಲು ತೆರೆದು, ಭೂಗತರಾದಾಗ ಅನ್ನ ಹಾಕಿ ಅಡಗಿಸಿಟ್ಟದ್ದು ದಂಡಿಗೆ ಹೋದ ಖ್ಯಾತಿಯೊಂದರಿಂದಲೇ ಆಗಿರಲಾರದು. ಚರಕ ಹೊತ್ತು ಮನೆಮನೆಗೆ ಬರುತ್ತಿದ್ದ ಮನುಷ್ಯ ಎಂಬ ನಂಬಿಕೆಯೂ ಅದರ ಹಿಂದೆ ಇದ್ದಿರಬೇಕು.

ಹೊಸರಿತ್ತಿಯಲ್ಲಿ ಆ ಎಳೆ ಪೂರ್ತಿ ಹರಿದಿಲ್ಲ. ಗಾಂಧಿ ಗ್ರಾಮೀಣ ಗುರುಕುಲ ಎಂಬ ವಸತಿ ಶಾಲೆ ಇಲ್ಲಿದೆ. ಅಲ್ಲಿ ಮಕ್ಕಳು ಪಾಠದ ಜೊತೆಗೆ ಹೊಲದ ಕೆಲಸವನ್ನೂ ಕಲಿಯುತ್ತಾರೆ, ಖಾದಿ ಉಡುತ್ತಾರೆ. ನಾನು ಹೋದ ಹೊತ್ತಿಗೆ ಸಂಜೆಯಾಗಿತ್ತು. ಹೊಲದ ಕಡೆಯಿಂದ ಬಿಳಿ ಬಟ್ಟೆಯ ಪೋರರು ಗುದ್ದಲಿ ಹೆಗಲಿಗಿಟ್ಟುಕೊಂಡು ಮಾತಾಡುತ್ತಾ ಬರುತ್ತಿದ್ದರು. ಒಬ್ಬನ ಅಂಗೈ ಮುಟ್ಟಿ ನೋಡಿದೆ, ಬೆರಳುಗಳ ಬುಡದಲ್ಲಿ ಸಾಲಾಗಿ ನಾಲ್ಕು ದಡ್ಡು. "ನೋಯ್ತೈತೇನೊ?" ಅಂದರೆ, "ಮೊದಲ ನೋಯ್ತಿತ್ರಿ" ಅಂದ. ಇನ್ನೂ ಆರನೆಯ ಇಯತ್ತೆ.

ಬಸ್ಸು ಇರಲಿಲ್ಲ. ಮೊಮ್ಮಗ ತನ್ನ ಬೈಕಿನಲ್ಲಿ ಹಾವೇರಿಗೆ ಬಿಡುತ್ತೇನೆ ಎಂದ. ಪೆಟ್ರೋಲಿನ ಹಣ ಎಷ್ಟು ಕೊಡಹೋದರೂ ಮುಟ್ಟಲಿಲ್ಲ. ಹೊರಡುವ ಮೊದಲು ಅವನ ಪಾಠ ಮುಗಿಯಬೇಕಿತ್ತು. ದಿನಾ ಸಂಜೆ ಓಟ ಆದ ಮೇಲೆ ಅವನು ಕಿರಿಯರಿಗೆ ಗಣಿತ ಹೇಳಿಕೊಡುತ್ತಾನೆ, ದುಡ್ಡಿಲ್ಲದೆ. ಪೇಟೆಯ ಕೋಚಿಂಗಿಗೆ ಹೋಗುವಷ್ಟು ಅನುಕೂಲ ಅವರ ಮನೆಗಳಲ್ಲಿಲ್ಲ. ಅವನ ಕೈಯಲ್ಲಿದ್ದ ನೋಟುಪುಸ್ತಕ ನೋಡಿದೆ. ಎಡಪುಟದಲ್ಲಿ ಶೇಕಡಾ ಲೆಕ್ಕಗಳು, ಬಲಪುಟದಲ್ಲಿ ಪ್ರತಿ ಹುಡುಗನ ಹೆಸರು, ಅವತ್ತಿನ ಓಟದ ನಿಮಿಷ, ಸೆಕೆಂಡು, ತಪ್ಪಿಸಿಕೊಂಡವನ ಹೆಸರಿನ ಮುಂದೆ ಕಾರಣ. "ಅವ್ವಗ ಜ್ವರ." "ಕಬ್ಬು ಕಡ್ಯಾಕ ಹೋಗ್ಯಾನ." ತಿಂಗಳುಗಟ್ಟಲೆ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ. ದಂಡಿಯ ದಾರಿಯಲ್ಲಿ ಗಾಂಧೀಜಿ ಎಲ್ಲರ ದಿನಚರಿ ತರಿಸಿ ನೋಡುತ್ತಿದ್ದರು ಎಂದೆ. ಅವನು ನಾಚಿ ಪುಸ್ತಕ ಮುಚ್ಚಿದ.

ದಾರಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದ. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಆಮೇಲೆ ಗಾಳಿಗೆ ಕೇಳಿಸಲೆಂದು ಜೋರಾಗಿ ಕೇಳಿದ.

"ಸರ್ರ, ಅಜ್ಜ ಹೇಳಿದ್ದು ಖರೇ ಐತಿ. ಹೊಡದವ್ರು ನಮ್ಮವರ. ನಾನೂ ಅದ ನೌಕರಿಗೆ ಓಡಾಕ ಹತ್ತೀನಿ. ನಾಳೆ ನೌಕರಿ ಸಿಕ್ಕ ಮ್ಯಾಲೆ, ಎದುರಿಗೆ ಇಂಥವ್ರು ನಿಂತಾಗ ಹೊಡಿ ಅಂತ ಸಾಹೇಬ್ರು ಅಂದ್ರ ನಾ ಏನ್ ಮಾಡ್ಲಿ?"

ತರಗತಿಯಲ್ಲಿ ಇಷ್ಟು ವರ್ಷ ಕಳೆದರೂ ಇಂಥ ಪ್ರಶ್ನೆ ನನಗೆ ಬಂದದ್ದಿಲ್ಲ. ಇವತ್ತಿನ ಪೊಲೀಸು ಪರರಾಜ್ಯದ ಪೊಲೀಸಲ್ಲ, ಸಂವಿಧಾನಕ್ಕೆ ಪ್ರಮಾಣ ಮಾಡಿ ಸೇರುವವರು ಎಂದು ಹೇಳಿದೆ. ಅದು ಸರಿಯಾದ ಉತ್ತರವೇ, ಆದರೆ ಅವನು ಕೇಳಿದ್ದಕ್ಕೆ ಸಾಲದು ಎಂದು ನನಗೂ ಅನ್ನಿಸಿತು. ಬೈಕ್ ನಿಲ್ಲಿಸಲು ಹೇಳಿ ಪೇಶಾವರದ ಕಥೆ ಹೇಳಿದೆ.

ಮಹದೇವಪ್ಪ ದಂಡಿಗೆ ನಡೆದ ಅದೇ ಬೇಸಗೆ, 1930ರ ಏಪ್ರಿಲ್ 23. ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಪಠಾಣರು ಸೇರಿದ್ದರು. ಅವರ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸಿನ ಸಿಪಾಯಿಗಳಿಗೆ ಆಜ್ಞೆಯಾಯಿತು. ಹವಾಲ್ದಾರ್ ಚಂದ್ರ ಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗರು ಹಾರಿಸಲಿಲ್ಲ. ಅವರೂ ಪಗಾರಕ್ಕೆ ನಿಂತವರೇ, ಮನೆಯಲ್ಲಿ ಅವರ ಹಣಕ್ಕೆ ಕಾದವರೂ ಇದ್ದರು. ಎದುರಿದ್ದ ಜನ ಅವರ ಭಾಷೆಯವರಲ್ಲ, ಧರ್ಮದವರಲ್ಲ. ಸೇನಾ ನ್ಯಾಯಾಲಯ ವಿಚಾರಣೆ ಮಾಡಿತು. ಚಂದ್ರ ಸಿಂಗ್ ಅವರಿಗೆ ಜೀವಾವಧಿ ಶಿಕ್ಷೆಯಾಗಿ ಹತ್ತು ವರ್ಷಕ್ಕೂ ಮಿಗಿಲಾಗಿ ಜೈಲಿನಲ್ಲಿದ್ದರು.

ಅವನು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟ. "ಹೆಸರು ಇನ್ನೊಮ್ಮೆ ಹೇಳ್ರಿ ಸರ್ರ."

ಹೇಳಿದೆ. ಮೊಬೈಲಿನಲ್ಲಿ ಬರೆದುಕೊಂಡ. ಗಢವಾಲ್ ಎಲ್ಲಿದೆ, ಗುಂಡು ಹಾರಿಸದ ಉಳಿದವರಿಗೆ ಏನಾಯಿತು, ಸ್ವಾತಂತ್ರ್ಯ ಬಂದ ಮೇಲೆ ಅವರನ್ನು ಯಾರಾದರೂ ವಿಚಾರಿಸಿದರಾ ಎಂದು ಒಂದರ ಹಿಂದೊಂದು ಕೇಳುತ್ತಾ ಹೋದ. ಕೆಲವಕ್ಕೆ ಹೇಳಿದೆ, ಕೆಲವನ್ನು ಓದಿ ತಿಳಿಸುತ್ತೇನೆ ಎಂದು ಅವನ ನಂಬರು ತೆಗೆದುಕೊಂಡೆ. ಹಾವೇರಿ ಬಸ್ ನಿಲ್ದಾಣದಲ್ಲಿ ಇಳಿಸುವಾಗ, ಏಪ್ರಿಲ್ ಒಂದಕ್ಕೆ ಮತ್ತೆ ಬರ್ರಿ, ಕೊರಡೂರಿಗೆ ನಾನ ಕರಕೊಂಡು ಹೋಗ್ತೀನಿ ಅಂದ. ರಜೆ ಹಾಕಿದ್ದೇನೆ. ಈ ಸಲ ನನ್ನ ಜೊತೆ ಹತ್ತನೆಯ ತರಗತಿ ಮುಗಿಸಿದ ಇಬ್ಬರು ವಿದ್ಯಾರ್ಥಿಗಳೂ ಬರುತ್ತಾರೆ.